ಓಬುಲೇಶ್ ಮೇಷ್ಟ್ರ ಟವೆಲ್ಲು

ರಾಯದುರ್ಗದಲ್ಲಿ ಕಂಪ್ಯೂಟರ್ ಹೇಳಿಕೊಡುವ ಓಬುಲೇಶ್ ಮೇಷ್ಟ್ರಿಗೆ ಜಗತ್ತೆಲ್ಲ ಎಕ್ಸೆಲ್ಲು, ಹೆಗಲ ಮೇಲಿನ ಟವೆಲ್ಲೇ ಫಾರ್ಮುಲಾದೊಳಗೆ ಜಾಗ ಹಿಡಿದಿಡುವ ಡಾಲರ್ ($) ಗುರುತು. “ಬಳ್ಳಾರಿ ಬಸ್ಸಿನ ಕಿಟಕಿಯಾಗ ಟವೆಲ್ ಹಾಕ್ಲಿಲ್ಲಂದ್ರ ಸೀಟ್ ಉಳೀತೈತೇನ್ರಿ? ಫಾರ್ಮುಲಾನೂ ಹಂಗ. ಡಾಲರ್ ಇಲ್ದ ಕೆಳಗ ಎಳದ್ರಿ ಅಂದ್ರ ಅದು ಹಿಡಿದ ಮನೀನೂ ಕೆಳಗ ಸರೀತೈತಿ!” ಎಂದು ಅವರು ಗುಡುಗಿದರೆ ಪಕ್ಕದ ಚಹಾದಂಗಡಿಯ ಕಪ್ಪುಬಸಿಗಳೂ ನಡುಗುತ್ತವೆ. ಮನೆಯೆಂದರೆ ಎಕ್ಸೆಲ್ಲಿನ ಒಂದು ಚೌಕ, B2 ಎಂಬಂತೆ ಅಕ್ಷರ, ಅಂಕಿ ಸೇರಿ ಅದರ ವಿಳಾಸ; ಕಾಲಮ್ಮಿನ ಅಕ್ಷರಕ್ಕೊಂದು, ಸಾಲಿನ ಅಂಕಿಗೊಂದು ಡಾಲರ್ ಹಾಕಿದರೆ ಮನೆ ಅಲ್ಲಾಡದು. ಒಂದಕ್ಕೇ ಹಾಕಿದರೆ ಅದಷ್ಟೇ ನಿಂತು ಇನ್ನೊಂದು ಸರಿಯುತ್ತದೆ. ಈ ಒಂಟಿ ಡಾಲರಿಗೆ ಬಂದಾಗಲೆಲ್ಲ ಇಡೀ ಬ್ಯಾಚು ಮುಗ್ಗರಿಸುತ್ತದೆ, ಮೇಷ್ಟ್ರ ಟವೆಲ್ಲು ಬೆವರಿಗೆ ಒದ್ದೆಯಾಗುತ್ತದೆ. ನಿನ್ನೆ ಇದೇ ಬ್ಯಾಚಿನಲ್ಲಿ ಕಲಿಯುವ, ಜೀನ್ಸ್ ಹೊಲಿಯುವ ಶೆಡ್ಡಿನ ಹಂಪಕ್ಕ, ಮೇಲಿನ ಸಾಲಿನಲ್ಲಿ ಒಂದೊಂದು ಸೈಜಿಗೆ ಬೇಕಾದ ಬಟ್ಟೆ, ಎಡಗಡೆ ಪ್ಯಾಂಟುಗಳ ಸಂಖ್ಯೆ ಬರೆದು, ಮೇಲಿನದರ ಅಂಕಿಗೆ, ಎಡದ್ದರ ಅಕ್ಷರಕ್ಕೆ ಒಂದೊಂದೇ ಡಾಲರ್ ಇಟ್ಟು, ಎರಡನ್ನೂ ಗುಣಿಸುವ ಒಂದೇ ಫಾರ್ಮುಲಾವನ್ನು ಅಡ್ಡಕ್ಕೂ ಕೆಳಕ್ಕೂ ಎಳೆದರು. ಶೆಡ್ಡಿಗೆ ಬೇಕಾದ ಬಟ್ಟೆಯ ಲೆಕ್ಕವೆಲ್ಲ ಒಂದು ಮನೆಯೂ ತಪ್ಪದೆ ತುಂಬಿತು. ಕ್ಲಾಸೆಲ್ಲ ಕೇಕೆ ಹಾಕಿತು. ಮೇಷ್ಟ್ರು ಇಷ್ಟು ವರ್ಷ ಯಾರನ್ನೂ ಕೂರಲು ಬಿಡದಿದ್ದ ತಮ್ಮ ಕುರ್ಚಿಯ ಮೇಲೆ ಟವೆಲ್ ಎಸೆದರು. “ಹಂಪಕ್ಕಾ, ನಿಮಗ ಸೀಟ್ ಹಿಡದೀನಿ. ಬರ್ರಿ, ನಾಳಿ ಬ್ಯಾಚಿಗೆ ನೀವ ಹೇಳಿಕೊಡ್ರಿ.”