ಅರ್ಧ ಉಣ್ಣೆಯ ತಲೆ

ಮಾಡದಕೆರೆಯಲ್ಲಿ ನಮ್ಮ ಪಕ್ಕದ ಮನೆಯವನು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಕೊಸರಾಡುವ ಕುರಿಯ ತಲೆಯನ್ನು ಮೊಣಕಾಲ ಸಂದಿಗೆ ಸೇರಿಸಿಕೊಂಡು, "ಆತು, ಇನ್ನೊಂಚೂರು" ಎಂದು ಪುಸಲಾಯಿಸುತ್ತಿದ್ದ. ಆಗಿರುತ್ತಿದ್ದುದು ಅರ್ಧ ಮೈ ಮಾತ್ರ.

ಮಿದುಳಿನ ರಕ್ತನಾಳ ಉಬ್ಬಿ, ಆಪರೇಷನ್ ಆಗಿ ಊರಿಗೆ ಬಂದಾಗ ಅವನ ತಲೆ ಅರ್ಧ ಬೋಳಾಗಿತ್ತು. ನೋಡಲು ಹೋದ ನನ್ನ ಮುಂದೆ, "ಯಾವನ್ರಿ ಈ ಕೆಲಸ ಮಾಡಿದ್ದು? ಅರ್ಧ ಉಣ್ಣೆ ಹಂಗೇ ಐತೆ!" ಎಂದು ದೂರಿದ. ನಾಲ್ಕು ಮಾತಿಗೇ ಸುಸ್ತಾಗುತ್ತಿದ್ದ. 'ಕತ್ತರಿ' ಎನ್ನಲು ಪದ ಸಿಗದೆ ಎರಡು ಬೆರಳು ಆಡಿಸಿದ. ತಿಂಗಳುಗಟ್ಟಲೆ ಹೀಗೇ ಇರಬಹುದು ಎಂದಿದ್ದರಂತೆ ಡಾಕ್ಟರು.

"ಇನ್ನೆಷ್ಟು ದಿನ ಕುಂತಿರ್ಬೇಕೇ ಹಿಂಗೆ?" ಎಂದು ಹೆಂಡತಿಯ ಮೇಲೆ ರೇಗಿ ಎದ್ದ. ಅವಳು ಹೆಗಲು ಹಿಡಿದು ಕೂರಿಸಿ, "ಆತು, ಇನ್ನೊಂಚೂರು" ಎಂದಳು.

"ನಾನೇನು ಕುರಿಯೇನೇ?" ಎಂದು ಗದರಿದ.

ಕೊಸರಾಡಲಿಲ್ಲ ಮಾತ್ರ.