ಮೂರನೇ ಹಾಳೆ

ಸಾಯಬಣ್ಣನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಅವನು ಡ್ರೈವರ್, ಆದರೆ ಗಾಡಿ ಓಡಿಸುವಂತಿಲ್ಲ. ತಾನೇ ಓಡುವ ಲಾರಿಯೊಂದನ್ನು ಕಂಪನಿಯವರು ವಾಡಿಯಿಂದ ಶಹಾಬಾದ ಹಾದು ಭಂಕೂರದ ಆಚೆವರೆಗೆ ಪರೀಕ್ಷೆಗೆ ಬಿಟ್ಟಿದ್ದರು. ಜನ ಓಡಾಡುವ ರಸ್ತೆಯಾದ್ದರಿಂದ ಸೀಟಿನಲ್ಲಿ ಲೈಸೆನ್ಸ್ ಇದ್ದ ಮನುಷ್ಯ ಕೂತಿರಲೇಬೇಕು, ಅಪಾಯ ಕಂಡರೆ ಮಾತ್ರ ಕೈ ಹಾಕಬೇಕು. ಪಕ್ಕದಲ್ಲಿ ಯಾರೂ ಕೂಡುವಂತಿಲ್ಲ. ಫೋನಿಲ್ಲ, ಹಾಡಿಲ್ಲ. ಬರೀ ಹಾರ್ನ್ ಒತ್ತಿದರೂ ಯಾಕೆಂದು ಹಾಳೆಯಲ್ಲಿ ಬರೆದುಕೊಡಬೇಕು. ಕಾರಣವಿಲ್ಲದೆ ಮೂರು ಸಲ ಕೈ ಹಾಕಿದವನು ಸೀಟು ಬಿಟ್ಟು ಇಳಿಯಬೇಕು. ಈ ನಿಯಮ ಬರೆದವರು ಒಂದು ದಿನವಾದರೂ ಹಾಗೆ ಬಾಯಿ ಹೊಲಿದುಕೊಂಡು ಕೂತಿದ್ದರೋ ಇಲ್ಲವೋ, ನನಗೆ ಅನುಮಾನ. ಆ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವ ಗುಮಾಸ್ತ ನಾನು, ಲಕ್ಷ್ಮಿಕಾಂತ.

ಮೂವತ್ತು ವರ್ಷ ಸಾಯಬಣ್ಣ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿ ಹೊಡೆದವನು. ಕ್ಲೀನರ್ ಭೀಮಶ್ಯಾನ ಜೊತೆ ಹರಟುತ್ತಾ ಹೋದರೆ ಹೈದರಾಬಾದ ಬಂದದ್ದೇ ತಿಳಿಯುತ್ತಿರಲಿಲ್ಲವಂತೆ. ಈಗ ಕ್ಲೀನರ್ ಇಲ್ಲ, ಮನೆಯಲ್ಲಿ ಹೆಂಡತಿ ಶಿವಕಾಂತಮ್ಮನೂ ಇಲ್ಲ. ಮಕ್ಕಳು ಆಗಲೇ ಇಲ್ಲ. ಐವತ್ತೆಂಟರ ಡ್ರೈವರನಿಗೆ ಬೇರೆ ಯಾವ ಮಾಲೀಕ ಚಾವಿ ಕೊಡುತ್ತಾನೆ? ಈ ಸೀಟು ಹೋದರೆ ಹೊಸ್ತಿಲ ಮೇಲೆ ಒಬ್ಬನೇ ಕೂತು, ಬೇರೆಯವರ ಗಾಡಿ ನೋಡುವುದಷ್ಟೇ ಉಳಿಯುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಮೊದಲ ವಾರದಲ್ಲೇ ಎರಡು ಹಾಳೆ ಬಂದವು. ಎರಡೂ ದಿನ ಭಂಕೂರದ ಆಚೆ, ಅದೇ ತೊಗರಿ ಹೊಲದ ಹತ್ತಿರ, ಎರಡು ಸಲ ಹಾರ್ನ್. ಕ್ಯಾಮೆರಾದಲ್ಲಿ ರಸ್ತೆ ಖಾಲಿ. ಹಾಳೆಯಲ್ಲಿ ಕಾರಣದ ಜಾಗವೂ ಖಾಲಿ.

"ನಾಯಿ ಅಡ್ಡ ಬಂತಂತ ಬರೀರಿ, ಮುಗೀತು," ಅಂದೆ ಸಾಯಬಣ್ಣನಿಗೆ.

"ಬಂದಿಲ್ಲಲ್ರಿ ಸಾಹೇಬ್ರ." ಹಾಳೆಯನ್ನು ನನ್ನತ್ತ ಸರಿಸಿ ಹೇಳಿದ, "ಅದು ನಮ್ಮ ಹೊಲ. ನಮ್ಮಾಕಿ ಅಲ್ಲೇ ಕಳೆ ತೆಗೀತಿದ್ಲು. ನಾ ಹಾರ್ನ್ ಹೊಡದ್ರ ಎದ್ದು ನಿಂತು ಕೈ ಎತ್ತತಿದ್ಲು. ಈಗ ಅಲ್ಲೇ ಬದುವಿನ ಬಾಜೂಕ ಮಣ್ಣು ಮಾಡೀವಿ. ಸುಮ್ನ ಹಾದು ಹೋದ್ರ ಏನ್ ಅನ್ಕೋತಾಳ್ರಿ?"

ನನಗೆ ಭಾಳ ಸಂಕಟವಾಯಿತು. ನನ್ನ ಬಾಯಿಗೆ ಮೊದಲೇ ಬೀಗವಿಲ್ಲ, ಎಂಜಿನಿಯರ್ ಧನಶ್ರೀಗೆ ಹೇಳಿಬಿಟ್ಟೆ. ಒಳ್ಳೆಯ ಹುಡುಗಿ, ಕಣ್ಣು ತುಂಬಿಕೊಂಡಳು. ಮೂರು ದಿನ ಕಂಪ್ಯೂಟರ್ ಮುಂದೆ ಕೂತು ಏನೋ ಮಾಡಿ, ಸಾಯಬಣ್ಣನನ್ನು ಕರೆಸಿದಳು.

"ಕಾಕಾ, ಇನ್ನ ನೀವು ಕೈ ಹಚ್ಚೋದೇ ಬ್ಯಾಡ. ಆ ಹೊಲ ಬಂದ್ರ ಗಾಡಿನೇ ಎರಡು ಸಲ ಹಾರ್ನ್ ಹೊಡೀತದ. ನಿಮ್ಮ ಸೀಟಿಗೇನೂ ಆಗಂಗಿಲ್ಲ."

ಸಾಯಬಣ್ಣ ಕೈ ಮುಗಿದ. ನಾನು ಮಹಾ ಉಪಕಾರ ಮಾಡಿದವನಂತೆ ಎಲ್ಲರಿಗೂ ಚಹಾ ತರಿಸಿದೆ.

ನಾಲ್ಕು ದಿನ ಗಾಡಿ ಹೇಳಿದಂತೆ ನಡೆದುಕೊಂಡಿತು. ಸಾಯಬಣ್ಣ ಮಾತ್ರ ಬುತ್ತಿ ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದ. ಕೇಳಿದರೆ "ಹಸಿವಿಲ್ರಿ" ಎನ್ನುತ್ತಿದ್ದ.

ಐದನೇ ದಿನ ಮೂರನೇ ಹಾಳೆ ಬಂತು. ಕ್ಯಾಮೆರಾದಲ್ಲಿ ನೋಡಿದೆ. ಹೊಲ ಬಂದಿದೆ, ಗಾಡಿ ಎರಡು ಸಲ ಹಾರ್ನ್ ಹೊಡೆದಿದೆ. ಅವನ ಕೈ ತೊಡೆಯ ಮೇಲೆಯೇ ಇದೆ. ಹೊಲ ಇನ್ನೇನು ಹಿಂದೆ ಬೀಳಬೇಕು ಎನ್ನುವಾಗ ಆ ಕೈ ಎದ್ದು ಎರಡು ಸಲ ಹಾರ್ನ್ ಒತ್ತಿದೆ.

ಈ ಸಲ ಕಾರಣದ ಜಾಗ ಖಾಲಿ ಇರಲಿಲ್ಲ. "ಮೊದಲು ಹೊಡದಿದ್ದು ಗಾಡಿ. ಆಕಿಗೆ ನನ್ನ ಕೈ ಗೊತ್ತದ," ಎಂದು ಬರೆದಿದ್ದ. ನಾನು ಓದುವಷ್ಟರಲ್ಲಿ ಕಂಪನಿಯ ಹಳದಿ ಜಾಕೀಟನ್ನು ಮಡಚಿ ಮೇಜಿನ ಮೇಲಿಟ್ಟು ಹೋಗಿಯೂ ಬಿಟ್ಟಿದ್ದ.

ಕಂಪ್ಯೂಟರಿನಲ್ಲಿ ಕಾರಣಗಳ ಪಟ್ಟಿ ಇದೆ. ದನ, ನಾಯಿ, ಮನುಷ್ಯ, ಗುಂಡಿ, ಎದುರಿನ ಗಾಡಿ. ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ. ಕೊನೆಗೆ "ಕಾರಣವಿಲ್ಲ" ಎಂಬುದನ್ನು ಒತ್ತಿದವನು ನಾನೇ.