ಅತ್ತೆಯ ಕಾರ್ಡಿಗೊಬ್ಬರು ಡಾಕ್ಟರು

ನಮ್ಮ ಅತ್ತೆಯ ಗರ್ಭಕೋಶ ಜಾರಿದ ಸುದ್ದಿ ಈಗ ಬಿ.ಸಿ.ರೋಡಿನಿಂದ ಮೂಡುಬಿದಿರೆಯವರೆಗೆ ಎಲ್ಲರಿಗೂ ಗೊತ್ತು. ಪ್ರಚಾರ ಮಾಡಿದವಳು ನಾನೇ. (ಅತ್ತೆ ಎಂದರೆ ಗಂಡನ ತಾಯಿ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕ್ಬೇಡ, ಬೇಕಾದ್ರೆ ಫೋಟೋ ಹಾಕು" ಎಂದಿದ್ದಾರೆ.)

ಕೆಲವು ತಿಂಗಳ ಹಿಂದೆ ಅವರು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಪಿಸುಗುಟ್ಟಿದರು. "ಕೆಳಗೆ ಏನೋ ಜಾರಿದ ಹಾಗೆ ಆಗ್ತದೆ. ಅವನಿಗೆ ಹೇಳ್ಬೇಡ." ಅವನು ಎಂದರೆ ನನ್ನ ಗಂಡ.

"ಡಾಕ್ಟರಲ್ಲಿಗೆ ಹೋಗುವ" ಎಂದೆ. ಅತ್ತೆ ಎರಡು ಷರತ್ತು ಹಾಕಿದರು. ಲೇಡಿ ಡಾಕ್ಟರೇ ಆಗಬೇಕು. ಆಯುಷ್ಮಾನ್ ಕಾರ್ಡ್ ನಡೆಯಬೇಕು. "ಸರ್ಕಾರ ಕಾರ್ಡ್ ಕೊಟ್ಟದ್ದು ಕಪಾಟಿನಲ್ಲಿ ಇಡ್ಲಿಕ್ಕಾ?"

ಇದೇನು ಮಹಾ ಕಷ್ಟ? ಹಾಗಂತ ನಾನೂ ಅಂದುಕೊಂಡಿದ್ದೆ.

ಬಿ.ಸಿ.ರೋಡಿನ ಒಂದು ಕ್ಲಿನಿಕ್ಕಿನಲ್ಲಿ ಲೇಡಿ ಡಾಕ್ಟರ್ ಇದ್ದರು. ರಿಸೆಪ್ಷನಿನ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಫೋಟೋ ಚಂದ ಬಂದಿದೆ ಆಂಟಿ. ಆದ್ರೆ ಕಾರ್ಡ್ ಇಲ್ಲಿ ನಡೆಯುದಿಲ್ಲ" ಎಂದಳು. ಅತ್ತೆಗೆ ಅರ್ಧ ಖುಷಿಯಾಯಿತು.

ಬೆಳ್ತಂಗಡಿಯ ಒಂದು ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತಿತ್ತು. ಮೂಳೆಗೆ ಮಾತ್ರ. ಗರ್ಭಕೋಶಕ್ಕೆ ಅಲ್ಲ.

"ಹಾಗಾದ್ರೆ ಕಾಲು ಮುರಿದಿದ್ರೆ ಒಳ್ಳೇದಿತ್ತು" ಎಂದು ಅತ್ತೆ ಕೌಂಟರಿನವನನ್ನು ದಿಟ್ಟಿಸಿದರು. ಅವನು ಗಾಬರಿಯಿಂದ ಕುರ್ಚಿ ತಂದು ಕೂರಿಸಿದ.

ಇನ್ನು ಉಳಿದದ್ದು ಮೂಡುಬಿದಿರೆ. ಅಲ್ಲೊಂದು ಆಸ್ಪತ್ರೆಯಲ್ಲಿ ಎರಡೂ ಉಂಟಂತೆ ಎಂದು ಯಾರೋ ಹೇಳಿದ್ದರು. ಬಸ್ಸು ಹತ್ತಿದೆವು. ಮೂರನೇ ಸಲವೂ ಬರಿಗೈಯಲ್ಲಿ ವಾಪಸ್ ಬರುವುದು ಬೇಡವೆಂದು ದಾರಿಯಲ್ಲೇ ಆ ಆಸ್ಪತ್ರೆಗೆ ಫೋನ್ ಮಾಡಿದೆ.

"ಏನು ತೊಂದರೆ?" ಎಂದಳು ಆಚೆಯವಳು.

ನಾನು ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದು, "ಗರ್ಭಕೋಶ" ಎಂದೆ. ಡ್ರೈವರ್ ಸರಿಯಾಗಿ ಆಗಲೇ ಹಾರ್ನ್ ಒತ್ತಿದ.

"ಗರ್ಭಿಣಿಯಾ? ಎಷ್ಟು ತಿಂಗಳು?"

"ತಿಂಗಳಲ್ಲ, ಅರವತ್ತು ವರ್ಷ ದಾಟಿದೆ."

"ಮೇಡಂ, ಸ್ವಲ್ಪ ಜೋರಾಗಿ ಹೇಳಿ."

ಜೋರಾಗಿ ಹೇಳಿದೆ. ಅದೇ ಹೊತ್ತಿಗೆ ಸಿದ್ದಕಟ್ಟೆ ಸ್ಟಾಪ್ ಬಂದು, ಡ್ರೈವರ್ ಇಂಜಿನ್ ಆಫ್ ಮಾಡಬೇಕೇ?

"ನಮ್ಮ ಅತ್ತೆಯ ಗರ್ಭಕೋಶ ಕೆಳಗೆ ಜಾರಿದೆ. ಕಾರ್ಡ್ ನಡೆಯುತ್ತದಾ?"

ಇಡೀ ಬಸ್ಸಿಗೆ ಕೇಳಿತು. ಚಿಲ್ಲರೆ ಹುಡುಕುತ್ತಿದ್ದ ಕಂಡಕ್ಟರನ ಕೈ ಬ್ಯಾಗಿನೊಳಗೇ ನಿಂತಿತು. ಗಂಡಸರೆಲ್ಲ ಒಟ್ಟಿಗೇ ಮೊಬೈಲಿನೊಳಗೆ ತಲೆ ಹಾಕಿದರು. ಅತ್ತೆ, ನಾನು ಬೇರೆ ಯಾರದೋ ಸೊಸೆ ಎಂಬಂತೆ ಕಿಟಕಿಯ ಹೊರಗೆ ನೋಡತೊಡಗಿದರು. ಅವರ ಕಿವಿ ಕೆಂಪಾಗಿತ್ತು. ಉತ್ತರಕ್ಕೂ ಕಾಯದೆ ಫೋನ್ ಕಟ್ ಮಾಡಿದೆ. ನನಗೆ ಬಸ್ಸಿನಿಂದ ಇಳಿದು ಓಡಿಹೋಗುವ ಎನಿಸಿತು.

ಆಗ ಎದುರು ಸೀಟಿನ ಹೆಂಗಸೊಬ್ಬರು ಹಿಂದೆ ತಿರುಗಿದರು. ವಯಸ್ಸು ಅತ್ತೆಯದ್ದೇ ಇರಬೇಕು. (ಮಾತು ತುಳುವಿನಲ್ಲಿ. ಕನ್ನಡ ಮಾಡಿದ್ದು ನಾನು.)

"ಅಕ್ಕ, ನನ್ನದೂ ಹಾಗೇ ಜಾರಿತ್ತು. ಆಪರೇಷನ್ ಆಯ್ತು, ಈಗ ಆರಾಮ."

"ನನ್ನದು ಈಗಲೂ ಉಂಟು" ಎಂದಿತು ಹಿಂದಿನ ಸೀಟು. "ಕೆಮ್ಮಿದ್ರೆ ಭಯ."

"ಕೆಮ್ಮು ಬಿಡಿ, ನಂಗೆ ನಗ್ಲಿಕ್ಕೂ ಭಯ" ಎಂದರು ಬಾಗಿಲ ಹತ್ತಿರ ಕೂತವರು. ಹಾಗೆ ಹೇಳಿ ನಕ್ಕೂಬಿಟ್ಟರು. ಯಾರೂ ಹತ್ತದಿದ್ದರೂ, ಇಳಿಯದಿದ್ದರೂ ಕಂಡಕ್ಟರ್ ಸುಮ್ಮನೆ ವಿಶಲ್ ಊದಿದ.

ಅತ್ತೆಯ ಮುಖ ನಿಧಾನಕ್ಕೆ ಕಿಟಕಿಯಿಂದ ಒಳಗೆ ಬಂತು. "ನೀವು ಎಲ್ಲಿ ಮಾಡಿಸಿದ್ದು?" ಎಂದು ಎದುರು ಸೀಟಿನವರನ್ನು ಕೇಳಿದರು.

"ನಮ್ಮ ತಾಲೂಕು ಸರ್ಕಾರಿ ಆಸ್ಪತ್ರೆಯಲ್ಲಿ. ಕಾರ್ಡೂ ನಡೀತದೆ. ಆದ್ರೆ ಡಾಕ್ಟರು ಗಂಡಸು."

"ಗಂಡಸಾ?"

"ಟೇಬಲಿನಲ್ಲಿ ಮಲಗಿದ ಮೇಲೆ ನಾನು ನೋಡಿದ್ದು ಫ್ಯಾನ್ ಮಾತ್ರ ಅಕ್ಕ. ಡಾಕ್ಟರನ್ನು ಯಾರು ನೋಡ್ತಾರೆ?"

ಆ ತಾಲೂಕು ಆಸ್ಪತ್ರೆ ನಮ್ಮ ಮನೆಯಿಂದ ಒಂದು ಆಟೋದ ದೂರ. ನಾವು ಅಲ್ಲೊಂದು ಬಿಟ್ಟು ಎಲ್ಲಾ ಕಡೆ ಕೇಳಿದ್ದೆವು. ಸಿದ್ದಕಟ್ಟೆಯಲ್ಲೇ ಇಳಿದು ವಾಪಸ್ ಬಸ್ಸು ಹಿಡಿದೆವು.

ಅಲ್ಲಿಯ ಡಾಕ್ಟರು ಅತ್ತೆಯ ಮುಖವನ್ನೂ ನೋಡದಷ್ಟು ನಾಚಿಕೆಯ ಮನುಷ್ಯ. ಬರೆಯುತ್ತ, "ಎಷ್ಟು ಸಮಯದಿಂದ ಉಂಟು ಅಮ್ಮ?" ಎಂದರು.

"ಸ್ವಲ್ಪ ಸಮಯದಿಂದ."

"ಸ್ವಲ್ಪ ಅಂದ್ರೆ?"

ಅತ್ತೆ ನನ್ನ ಕಡೆ ನೋಡದೆ ಹೇಳಿದರು. "ಇವಳ ಬಾಣಂತನದ ಸಮಯದಲ್ಲಿ ಶುರುವಾದದ್ದು."

ನನ್ನ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ನನಗೆ ಹಂಡೆಗಟ್ಟಲೆ ಬಿಸಿನೀರು ಎತ್ತಿ ಎತ್ತಿ ಮೀಯಿಸಿದ್ದು ಇದೇ ಅತ್ತೆ. ಅಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತವಳಿಗೆ ನನಗೇ ಗೊತ್ತಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಕಾರ್ಡೂ ನಡೆಯಿತು. ಅತ್ತೆ ಈಗ ಮನಸ್ಸು ಬಿಚ್ಚಿ ಕೆಮ್ಮುತ್ತಾರೆ. ಡಾಕ್ಟರು ಹೇಗಿದ್ದಾರೆ ಎಂದು ನೆರೆಮನೆಯವರು ಕೇಳಿದರೆ, "ಫ್ಯಾನ್ ಸ್ವಲ್ಪ ಸ್ಲೋ" ಎನ್ನುತ್ತಾರೆ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು "ಏನಿಲ್ಲ, ಸ್ವಲ್ಪ ಸೊಂಟನೋವು" ಎನ್ನುತ್ತಿರಬಹುದು. ಕೇಳಿ ನೋಡಿ. ಮನೆಯಲ್ಲಿ ಬಾಯಿ ಬಿಡದಿದ್ದರೆ ಒಮ್ಮೆ ಬಸ್ಸು ಹತ್ತಿಸಿ.